ಬದನೆಕಾಯಿ ಬಣ್ಣದ ಸೀರೆ ಉಟ್ಟ ಹಂಸವ್ವ

ಆಗಿನ ದಾವಣಗೆರೆಯಲ್ಲಿ ನಮ್ಮಪ್ಪನ ಹೆಸರು ಹೇಳಿ ಮನೆ ಕೇಳಿದರೆ ಜಟಕಾದವರು ತಲೆ ಕೆರೆದುಕೊಳ್ಳುತ್ತಿದ್ದರು. "ಹಕ್ಕಿಗೆ ಸೀರೆ ಉಡಿಸ್ತಾರಲ್ಲ, ಆ ಮನೆ" ಅಂದರೆ ಸಾಕು, ಕುದುರೆಗೇ ದಾರಿ ಗೊತ್ತಿರುತ್ತಿತ್ತು. ಅಪ್ಪನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಹತ್ತಿ ಗಿರಣಿಯ ಬಟ್ಟೆ ಗೋದಾಮಿನಲ್ಲಿ ಹದಿನೈದು ವರ್ಷ ಗುಮಾಸ್ತಿಕೆ ಮಾಡಿದ ತಾನು ಒಂದು ಸಿಮೆಂಟಿನ ಹಕ್ಕಿಯಿಂದ ಊರಿಗೆ ಪರಿಚಯವಾಗಬೇಕೇ ಎಂದು ಗೊಣಗುತ್ತಿದ್ದ. ಆದರೆ ಆ ಹಕ್ಕಿಯನ್ನು ಮನೆಗೆ ತಂದವನು ಅವನೇ. ಹಾಗಾಗಿ ಅವನ ಗೊಣಗಾಟವನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹಕ್ಕಿ ಹುಟ್ಟಿದ್ದು ನಮಗಾಗಿ ಅಲ್ಲ. ಊರಿನ ಸಾಹುಕಾರರೊಬ್ಬರು ಬಂಗಲೆಯ ಮುಂದೆ ಹುಲ್ಲು ಬೆಳೆಸಿ, ಅದರ ನಡುವೆ ನಿಲ್ಲಿಸಲು ಒಂದು ಹಂಸ ಮಾಡಿಕೊಡು ಎಂದು ಗಾರೆ ಕೆಲಸದವನೊಬ್ಬನಿಗೆ ಹೇಳಿದ್ದರು. ಅವನು ಹಂಸವನ್ನು ಕಂಡವನಲ್ಲ. ನಮ್ಮ ಕಡೆ ಕಂಡವರಾದರೂ ಯಾರಿದ್ದರು? ಕೆರೆಯ ಬಾತುಕೋಳಿ ನೋಡಿ ಮೈ ಮಾಡಿದ, ನವಿಲು ನೋಡಿ ಕೊಕ್ಕು ಮಾಡಿದ. ಕುತ್ತಿಗೆ ಉದ್ದ ಮಾಡಿದರೆ ಮುರಿದೀತು ಎಂಬ ಹೆದರಿಕೆಗೆ ಗಿಡ್ಡ ಮಾಡಿ, ತಲೆಯನ್ನು ಹಿಂದಕ್ಕೆ ತಿರುಗಿಸಿ ಬೆನ್ನಿಗೆ ಆನಿಸಿದ. ಸಾಹುಕಾರರು ನೋಡಿ, "ಇದನ್ನ ಮೊದಲು ಇಲ್ಲಿಂದ ಎತ್ರಿ" ಅಂದರಂತೆ. ಅಲ್ಲೇ ನಿಂತಿದ್ದ ಅಪ್ಪನಿಗೆ ಅದೇನು ಕನಿಕರ ಹುಟ್ಟಿತೋ, ಕೈಗಾಡಿಯ ಮೇಲೆ ಹಾಕಿಸಿಕೊಂಡು ಮನೆಗೆ ಬಂದ.

"ಮನೆಗೆ ಸಕ್ಕರೆ ತಗೊಂಬರ್ರಿ ಅಂದ್ರೆ ಬಾತುಕೋಳಿ ತಂದೀರಲ್ರಿ" ಎಂದಳು ಅವ್ವ.

"ಬಾತುಕೋಳಿ ಅನಬ್ಯಾಡ. ಹಂಸ ಅದು" ಎಂದಳು ಅಜ್ಜಿ. ಅಪ್ಪನ ತಾಯಿಯಾದ ಆಕೆ ಮಗನ ಮರ್ಯಾದೆ ಉಳಿಸಲು ಹಾಗಂದಳೋ ನಿಜವಾಗಿ ನಂಬಿದ್ದಳೋ ಗೊತ್ತಿಲ್ಲ. ಅಂದಿನಿಂದ ಅದು ಹಂಸವ್ವ. ಅಂಗಳದಲ್ಲಿ ದಾಸವಾಳದ ಗಿಡದ ಪಕ್ಕ ಅದನ್ನು ನಿಲ್ಲಿಸಿದರು. ಮೈ ರಸ್ತೆಯ ಕಡೆ, ಮುಖ ನಮ್ಮ ಮನೆಯ ಬಾಗಿಲ ಕಡೆ. ಎಲ್ಲಿಗೋ ಹೊರಟವಳನ್ನು ಒಳಗಿನಿಂದ ಯಾರೋ ಕೂಗಿದಂತಿತ್ತು ಅದು ನಿಂತ ಭಂಗಿ.

ಕೈಗಾಡಿಯಿಂದ ಇಳಿಸುವಾಗ ಅದರ ಎದೆಯ ಬಳಿ ಒಂದು ಚಕ್ಕೆ ಎದ್ದು ಒಳಗಿನ ತಂತಿ ಕಾಣಿಸಿತು. ನಮ್ಮ ಸಣ್ಣತ್ತೆ, ಅಂದರೆ ಅಪ್ಪನ ತಂಗಿ, "ಅಯ್ಯೋ, ಬರ್ತಿದ್ದಂಗೇ ಗಾಯ ಮಾಡಿದ್ರಲ್ಲೋ" ಎನ್ನುತ್ತ ಒಳಗೆ ಹೋಗಿ ಒಂದು ಬಟ್ಟೆ ಚೂರು ತಂದು ಸುತ್ತಿದಳು. ಸುತ್ತಿದ್ದು ಅರ್ಧ ಕುಪ್ಪಸದಂತೆ ಕಂಡಿತು. ಅರ್ಧಕ್ಕೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಮರುದಿನ ಸೂಜಿ ದಾರ ಹಿಡಿದು ಅಂಗಳದಲ್ಲಿ ಕೂತು ಕುಪ್ಪಸ ಪೂರ್ತಿ ಮಾಡಿದಳು. ಕುಪ್ಪಸ ಬಂದ ಮೇಲೆ ಸೀರೆ ಬೇಡವೇ?

ಸಣ್ಣತ್ತೆಗೆ ಆಗ ಇಪ್ಪತ್ತನಾಲ್ಕು ವರ್ಷ. ಹದಿನಾರಕ್ಕೆ ಕಡರನಾಯಕನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ಟ್ರಂಕಿನೊಂದಿಗೆ ತವರಿಗೆ ವಾಪಸು ಬಂದಳು. ಹಣೆಗೆ ವಿಭೂತಿ ಮಾತ್ರ, ಕೈ ಬರಿದು, ಅಂಚಿಲ್ಲದ ಮಾಸಲು ಸೀರೆ. ಆದರೂ ಅವಳು ಮೂಲೆ ಹಿಡಿದು ಕೂತವಳಲ್ಲ. ನಗುತ್ತಿದ್ದಳು, ನಮ್ಮನ್ನು ಆಡಿಸುತ್ತಿದ್ದಳು, ಅವ್ವನ ಜೊತೆ ಜಗಳ ಕೂಡ ಮಾಡುತ್ತಿದ್ದಳು. ಅವಳಿಗೆ ಏನೋ ಕೊರತೆ ಇದೆ ಎಂದು ನನಗೆ ಆಗ ಅನ್ನಿಸುತ್ತಲೇ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ತನ್ನ ಅತ್ತೆ ಇರುವ ಹಾಗೇ ಇರುವವಳು, ಅಷ್ಟೆ.

ಗಿರಣಿಯಿಂದ ಅಪ್ಪ ತರುತ್ತಿದ್ದ ತುಂಡು ಬಟ್ಟೆಯೆಲ್ಲ ಹಂಸವ್ವನ ಮೈಮೇಲೆ ಏರತೊಡಗಿತು. ಯುಗಾದಿಗೆ ಹಳದಿ, ದೀಪಾವಳಿಗೆ ಜರಿ ಅಂಚು, ಸಂಕ್ರಾಂತಿಗೆ ಚೌಕಳಿ. ಚಳಿಗಾಲದಲ್ಲಿ ಅಪ್ಪನ ಹಳೆಯ ಮಫ್ಲರಿನ ಅರ್ಧ. ಆ ಅರ್ಧ ಹೋದದ್ದು ಅಪ್ಪನಿಗೆ ಗೊತ್ತಾದಾಗ ಮನೆಯಲ್ಲಿ ಸಣ್ಣ ಮಹಾಯುದ್ಧವಾಯಿತು. ಪಾಳಿ ಮುಗಿಸಿ ಬರುವ ಗಿರಣಿಯ ಹೆಂಗಸರು ಗೇಟಿನ ಹತ್ತಿರ ನಿಂತು, "ಹಂಸವ್ವ ಇವತ್ತೇನು ಉಟ್ಟಾಳ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಒಬ್ಬಾಕೆ ತನ್ನ ಮಗಳ ಕೂದಲಿನ ಟೇಪು ಬಿಚ್ಚಿ ಕೊಟ್ಟು ಹೋದದ್ದೂ ಉಂಟು.

ನಾಗರ ಪಂಚಮಿಗೆ ಮುಂಚೆ ಬಳೆಗಾರ ನಮ್ಮ ಓಣಿಗೆ ಬಂದ. ಅವ್ವನಿಗೆ, ನನಗೆ ಬಳೆ ತೊಡಿಸಿ ಗಂಟು ಕಟ್ಟುವಾಗ ಸಣ್ಣತ್ತೆ, "ಹಂಸವ್ವಗೂ ಒಂದು ಡಜನ್ ಕೊಡ್ರಿ. ದಾರಕ್ಕೆ ಪೋಣಿಸಿ ಕೊರಳಿಗೆ ಹಾಕ್ತೀನಿ" ಎಂದಳು.

"ಯಾವ ಅಳತೆ ಕೊಡ್ಲವ್ವಾ?"

"ಎರಡೂಕಾಲು."

"ಹಕ್ಕಿಗೂ ಅಳತೆ ಐತೇನ್ರಿ ತಾಯಿ!" ಎಂದು ಬಳೆಗಾರ ನಕ್ಕ. ನಾವೂ ನಕ್ಕೆವು. ಅವಳೂ ನಕ್ಕಳು. ಹಸಿರು ಗಾಜಿನ ಬಳೆಗಳ ಆ ಮಾಲೆ ಮುಂದೆ ಎಷ್ಟೋ ದಿನ ಹಂಸವ್ವನ ಕೊರಳಲ್ಲಿತ್ತು. ಸೀರೆ ಬದಲಾದರೂ ಬಳೆ ಬದಲಾಗುತ್ತಿರಲಿಲ್ಲ.

ಇನ್ನು ಬಣ್ಣದ ಮೇಸ್ತ್ರಿಯ ವಿಷಯ. ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗಕ್ಕೆ ಅವರು ಮೇಸ್ತ್ರಿ. ಮನೆ ಹರಿಹರದಲ್ಲಿ, ಹೊಳೆಯ ಹತ್ತಿರ. ದಿನಾ ಬೆಳಗಿನ ರೈಲಿಗೆ ಬಂದು, ಸ್ಟೇಷನ್ನಿನಿಂದ ನಮ್ಮ ಮನೆಯ ಮುಂದೆಯೇ ಗಿರಣಿಗೆ ನಡೆದು ಹೋಗುತ್ತಿದ್ದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ತಾಯಿ ಒಬ್ಬರೇ. ಮೊಣಕೈವರೆಗೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಮಾತು ಕಡಿಮೆ. ಮಳೆ ಬಂದ ಮರುದಿನ ಗೇಟಿನಲ್ಲಿ ನಿಂತು ನನ್ನನ್ನು ಕರೆದರು.

"ನಿಮ್ಮ ಹಂಸವ್ವನ ಸೀರೆ ಬಣ್ಣ ಬಿಡ್ತಾ ಐತಲ್ಲವ್ವಾ."

ನಿಜವೇ. ಕೆಂಪು ಬಣ್ಣ ಇಳಿದು ಹಕ್ಕಿಯ ಕಾಲೆಲ್ಲ ರಾಡಿಯಾಗಿತ್ತು. ಮಾರನೆಯ ದಿನ ಅವರು ಗಟ್ಟಿ ಬಣ್ಣದ ಎರಡು ತುಂಡು ತಂದುಕೊಟ್ಟರು. ಬಣ್ಣ ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಅದ್ದಿ ತೆಗೆದ ತುಂಡುಗಳು, ಗಿರಣಿಯಲ್ಲಿ ಹೇಗೂ ಎಸೆಯುವಂಥವು. ಬಾಗಿಲ ಹಿಂದಿನಿಂದ ಸಣ್ಣತ್ತೆಯ ದನಿ ಬಂತು.

"ಉಪ್ಪುನೀರಾಗೆ ತೊಳಿಬೇಕೇನು ಅಂತ ಹಂಸವ್ವ ಕೇಳ್ತಾಳೆ ಅಂತ ಹೇಳೇ."

ನಾನು ಹೇಳಿದೆ. ಅವರು ಕೇಳಿಸಿಕೊಂಡಿದ್ದನ್ನೇ ಇನ್ನೊಮ್ಮೆ ಕೇಳಿಸಿಕೊಂಡು, "ಒಂದ್ಸಲ ಉಪ್ಪುನೀರಾಗೆ ಅದ್ದಿ, ನೆರಳಾಗೆ ಒಣಗಿಸ್ಬೇಕು ಅಂತ ಹೇಳವ್ವಾ" ಎಂದರು. ನಾನು ಬಾಗಿಲಿಗೆ ಓಡಿ ಅದನ್ನೂ ಹೇಳಿದೆ. ಇಬ್ಬರ ನಡುವೆ ಹತ್ತು ಮಾರು ದೂರವೂ ಇರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಸುಮಾರು ಎರಡು ವರ್ಷ ಈ ಓಡಾಟ ನಡೆಯಿತು. ನನಗೆ ಅದೊಂದು ದೊಡ್ಡ ಅಧಿಕಾರದಂತೆ ಅನ್ನಿಸುತ್ತಿತ್ತು. ಒಮ್ಮೆ ಅವರು, "ಹೊಲಿಗೆ ಬಾಳ ನುಣುಪಾಗೈತೆ ಅಂತ ಹೇಳು ಹಂಸವ್ವಗೆ" ಎಂದಾಗ, ನಾನು "ಹೊಲಿದಿದ್ದು ಹಂಸವ್ವ ಅಲ್ಲ, ನಮ್ಮ ಸಣ್ಣತ್ತೆ" ಎಂದು ತಿದ್ದಿದೆ. ಅವರು ಕಿವಿಯವರೆಗೂ ಕೆಂಪಾಗಿ, ಸೈರನ್ ಆಗುವ ಮೊದಲೇ ಗಿರಣಿಯ ಕಡೆ ದಾಪುಗಾಲು ಹಾಕಿದರು.

ಇನ್ನೊಂದು ದಿನ, "ನಿಮ್ಮ ಹಂಸವ್ವಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದರು. "ಬದನೆಕಾಯಿ ಬಣ್ಣ ಅಂತೆ" ಎಂದು ಬಾಗಿಲ ಹಿಂದಿನಿಂದ ಬಂತು ಉತ್ತರ. ಈ ಸಲ ನಾನು ಹೋಗಿ ಹೇಳುವುದಕ್ಕೂ ಅವರು ಕಾಯಲಿಲ್ಲ.

ಅದಾಗಿ ಒಂದೆರಡು ತಿಂಗಳಿಗೆ ಶಾಮನೂರಿನ ನೆಂಟರ ಮನೆಯಲ್ಲಿ ಹೆರಿಗೆ. ಬಾಣಂತಿಯನ್ನು ನೋಡಿಕೊಳ್ಳಲು ಅಜ್ಜಿ, ಸಣ್ಣತ್ತೆ ಇಬ್ಬರೂ ಹತ್ತು ದಿನದ ಮಟ್ಟಿಗೆ ಹೋದರು. ಅವರು ಹೋದ ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಗೇಟಿನ ಹತ್ತಿರ ನಿಂತರು. ಅಂದು ಶುಭ್ರವಾದ ಅಂಗಿ ಹಾಕಿದ್ದರು. ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಒಂದು ಗಂಟು ಕೈಯಲ್ಲಿತ್ತು.

"ಹಂಸವ್ವಗೆ ತಂದೀನಿ. ಅಜ್ಜಿ ಕೈಗೇ ಕೊಡಬೇಕು, ಆಯ್ತಾ?" ಎಂದರು. ಅಜ್ಜಿ ಊರಲ್ಲಿಲ್ಲ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಹೊರಟೇ ಹೋಗಿದ್ದರು.

ನಾನು ಗಂಟನ್ನು ಅವ್ವನ ಕೈಗೆ ಕೊಟ್ಟು, "ಹಂಸವ್ವಗಂತೆ" ಎಂದೆ. ಅಜ್ಜಿಯ ಕೈಗೇ ಕೊಡಬೇಕು ಎಂದದ್ದನ್ನು ಹೇಳಲಿಲ್ಲ. ಮರೆತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಅಜ್ಜಿ ಬರುವವರೆಗೆ ಕಾಯಲು ನನಗೆ ತಾಳ್ಮೆ ಇರಲಿಲ್ಲ, ಒಳಗೇನಿದೆ ಎಂದು ನೋಡಬೇಕಿತ್ತು.

ಒಳಗಿದ್ದದ್ದು ಬದನೆಕಾಯಿ ಬಣ್ಣದ ಇಡೀ ಸೀರೆ, ಸಾಸಿವೆ ಬಣ್ಣದ ಅಂಚು. ಅವ್ವ ಬಿಚ್ಚಿ ನೋಡಿ, "ಎಲ್ಲೋ ಬಣ್ಣ ಕೆಟ್ಟಿರ್ಬೇಕು, ಅದಕ್ಕೇ ಹಕ್ಕಿಗೆ ಕೊಟ್ಟಾರೆ" ಎಂದಳು. ಕೆಟ್ಟ ಜಾಗಕ್ಕಾಗಿ ಇಬ್ಬರೂ ಹುಡುಕಿದೆವು, ಸಿಗಲಿಲ್ಲ. ಎರಡು ವರ್ಷ ಬಂದದ್ದೆಲ್ಲ ಹಕ್ಕಿಗೇ ಬಂದ ಬಟ್ಟೆ, ಹಾಗಾಗಿ ಇದೂ ಹಕ್ಕಿಯದೇ. ಸಣ್ಣತ್ತೆ ಬರುವುದರೊಳಗೆ ಹಂಸವ್ವನನ್ನು ಸಿಂಗರಿಸಿ ಅವಳನ್ನು ಬೆರಗುಗೊಳಿಸೋಣ ಎಂದವಳು ನಾನು. ಅವ್ವ ಕತ್ತರಿ ತಂದಳು. ಸೆರಗನ್ನು ಅಡ್ಡಕ್ಕೆ ಕತ್ತರಿಸಿ ಹಕ್ಕಿಗೆ ಉಡಿಸಿದೆವು. ಅದರಲ್ಲೇ ಒಂದು ಬೆರಳಗಲದ ಪಟ್ಟಿ ತೆಗೆದು ತಲೆಗೆ ಕಟ್ಟಿದೆವು. ಉಳಿದದ್ದನ್ನು ಅವ್ವ ಟ್ರಂಕಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಗೇಟಿನಲ್ಲೇ ಕಾದು ನಿಂತಿದ್ದೆ, ಹೊಗಳಿಸಿಕೊಳ್ಳಲು. ಮೇಸ್ತ್ರಿ ಬಂದರು. ನೋಡಿದರು. ಸೆರಗಿನ ಕತ್ತರಿಸಿದ ಕಡೆ ಎಳೆ ಬಿಟ್ಟುಕೊಂಡು ನೇತಾಡುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು.

"ಚೆಂದ ಕಾಣ್ತಾಳೆ ಬಿಡವ್ವಾ" ಎಂದು ಹೇಳಿ ಹೋದರು. ಆಮೇಲೆ ಅವರು ನಮ್ಮ ರಸ್ತೆಯಲ್ಲಿ ಬರಲೇ ಇಲ್ಲ. ಸುತ್ತು ಹಾಕಿಕೊಂಡು ಹಿಂದಿನ ರಸ್ತೆಯಿಂದ ಗಿರಣಿಗೆ ಹೋಗುತ್ತಿದ್ದಾರೆ ಎಂದು ಅಪ್ಪ ಹೇಳಿದ.

ಹತ್ತು ದಿನಕ್ಕೆ ಜಟಕಾ ಬಂತು. ಸಣ್ಣತ್ತೆ ಇಳಿದವಳು ಮನೆಯೊಳಗೆ ಬರಲಿಲ್ಲ. ನೇರವಾಗಿ ಹಂಸವ್ವನ ಹತ್ತಿರ ಹೋಗಿ ಆ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. "ಇದನ್ನ ಯಾರು ಕತ್ತರಿಸಿದ್ದು?" ಎಂದು ಕೇಳಿದಳು. ಯಾರು ತಂದದ್ದು ಎಂದು ಕೇಳಲಿಲ್ಲ. ನಾವು ಹೇಳುವ ಮೊದಲೇ ಒಳಗೆ ಹೋಗಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಜ್ಜಿ ಟ್ರಂಕಿನಿಂದ ಉಳಿದ ಸೀರೆ ತರಿಸಿ ಹಾಸಿ ನೋಡಿ ಹಣೆ ಹಣೆ ಬಡಿದುಕೊಂಡಳು. "ಮನುಷ್ಯರು ಉಡೋ ಸೀರೆ ಇದು! ಗಂಡಸಾದವನು ಇಂಥ ಮನೆಗೆ ಇಡೀ ಸೀರೆ ತಂದ್ರೆ ಏನು ಅಂತ ಇಷ್ಟು ವಯಸ್ಸಾದ್ರೂ ತಿಳೀಲಿಲ್ಲೇನೇ ನಿನಗೆ?" ಎಂದು ಅವ್ವನನ್ನು ಗದರಿದಳು. ಅವ್ವನ ಕೈ ಬಾಯಿಗೆ ಹೋಯಿತು. ಅಷ್ಟು ಹೊತ್ತಿಗೆ ಅವಳಿಗೂ ತಿಳಿದಿತ್ತು.

ನಮ್ಮವರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಉಡಿಕೆ ಎನ್ನುತ್ತಾರೆ. ಹಂದರವಿಲ್ಲ, ವಾಲಗವಿಲ್ಲ, ಅಕ್ಕಿಕಾಳು ಇಲ್ಲ. ಗಂಡು ಒಂದು ಹೊಸ ಸೀರೆ ತರುತ್ತಾನೆ. ಅವಳು ಅದನ್ನು ಉಟ್ಟರೆ ಮದುವೆ ಆದಂತೆ. ಉಡದಿದ್ದರೆ ಸೀರೆಯನ್ನು ಮಡಿಕೆ ಬಿಚ್ಚದೆ ಹಿಂದಕ್ಕೆ ಕೊಡುತ್ತಾರೆ. ನಾವೋ ಕೇಳಿದವನ ಕಣ್ಣಿಗೇ ಬೀಳುವಂತೆ ಸೆರಗು ಕತ್ತರಿಸಿ ಹಕ್ಕಿಗೆ ಸುತ್ತಿದ್ದೆವು. ಅದಕ್ಕಿಂತ ಕೆಟ್ಟದಾಗಿ ಯಾರೂ ಬೇಡ ಎನ್ನಲಾರರು.

ಆಗ ನಾನು ಅಜ್ಜಿಯ ಕೈಗೇ ಕೊಡಲು ಹೇಳಿದ್ದರು ಎಂದು ಒಪ್ಪಿಕೊಂಡೆ. ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಅಪ್ಪ ಬಂದ ಮೇಲೆ ಮಾತು ಬೆಳೆಯಿತು. "ಆಗಿದ್ದಾಗಿ ಹೋಯ್ತು, ಇಲ್ಲಿಗೇ ಬಿಡು" ಎಂದ ಅಪ್ಪ. "ಉಡಿಕೆ ಆದ್ರೆ ಜನ ಸುಮ್ನಿರ್ತಾರಾ? ನಾಳೆ ಇವಳ ಮದುವೆ ಬಂದಾಗ ಇದನ್ನೇ ಎತ್ತಿ ಆಡ್ತಾರೆ" ಎಂದು ನನ್ನ ಕಡೆ ಕೈ ತೋರಿಸಿದ. ಅಪ್ಪ ಕೆಟ್ಟವನಲ್ಲ. ಬೇಡವಾದ ಹಕ್ಕಿಯನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬಂದವನು ಅವನೇ. ಆದರೆ ತಂಗಿಯ ಮಾತಿಗೆ ಬಂದಾಗ ಅವನಿಗೆ ಊರಿನ ಬಾಯಿ ದೊಡ್ಡದಾಗಿ ಕಂಡಿತು. ಆ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ಸಣ್ಣತ್ತೆ ಮರುದಿನ ಬೆಳಿಗ್ಗೆ ಹಂಸವ್ವನ ಮೈಮೇಲಿದ್ದ ಸೆರಗನ್ನು ಬಿಚ್ಚಿದಳು. ಉಪ್ಪುನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದಳು. ಆಮೇಲೆ ಅಂಗಳದ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಕೂತು, ಸೀರೆಗೆ ಸೆರಗನ್ನು ಸೇರಿಸಿ ಹೊಲಿಯತೊಡಗಿದಳು. ಎಳೆಗೆ ಎಳೆ ಕೂಡಿಸಿ ಹೊಲಿದಳು. ಮೂರು ದಿನ ಹಿಡಿಯಿತು. ಗಿರಣಿಯ ಹೆಂಗಸರು ನಿಂತು ನೋಡಿ ಏನೂ ಕೇಳದೆ ಹೋದರು. ಅಪ್ಪ ಮೂರು ದಿನವೂ ಅವಳನ್ನು ದಾಟಿಕೊಂಡೇ ಕೆಲಸಕ್ಕೆ ಹೋಗಬೇಕಾಯಿತು. ಮೊದಲ ದಿನ ಮುಖ ತಿರುಗಿಸಿಕೊಂಡು ಹೋದ. ಮೂರನೆಯ ದಿನ ನಿಂತ, ಸೀರೆಯನ್ನು ನೋಡಿದ, ತಂಗಿಯನ್ನು ನೋಡಿದ.

ನಾಲ್ಕನೆಯ ದಿನ ಅವಳು ಮಡಚಿದ ಸೀರೆಯನ್ನು ಅಜ್ಜಿಯ ಮುಂದಿಟ್ಟು, "ಹೊಲಿದೀನಿ, ಅವ್ವಾ" ಎಂದಳು. ಅಷ್ಟೇ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಹರಿಹರಕ್ಕೆ ಹತ್ತೂವರೆಗೆ ಒಂದು ಗಾಡಿ ಐತೆ" ಎಂದು ಗೋಡೆಗೆ ಹೇಳಿದಂತೆ ಹೇಳಿದ.

ಅಜ್ಜಿ ನನ್ನನ್ನೂ ಕರೆದುಕೊಂಡು ಹೋದಳು. "ತಪ್ಪು ಮಾಡಿದವಳೇ ಬಾಯಿಬಿಟ್ಟು ಹೇಳಬೇಕು" ಎಂದಳು. ಅಂದು ಮೇಸ್ತ್ರಿಗೆ ವಾರದ ರಜೆ. ಅವರ ಮನೆಯ ಹಿತ್ತಲಿನಿಂದ ಹೊಳೆ ಕಾಣುತ್ತಿತ್ತು. ಅವರ ತಾಯಿ ನೀರು, ಬೆಲ್ಲ ತಂದಿಟ್ಟರು. ಅಜ್ಜಿ ಏನೂ ಪೀಠಿಕೆ ಹಾಕದೆ ಸೀರೆಯನ್ನು ಚಾಪೆಯ ಮೇಲೆ ಬಿಚ್ಚಿ ಹೊಲಿಗೆ ಇದ್ದ ಜಾಗ ತೋರಿಸಿದಳು.

"ನನ್ನ ಕೈಗೆ ಬರ್ಲಿಲ್ಲಪ್ಪಾ ಇದು. ತಿಳೀದೆ ಕತ್ತರಿಸಿದ್ರು. ಆಕೆ ಊರಾಗಿರ್ಲಿಲ್ಲ. ಬಂದವಳು ತಾನೇ ಕೂತು ಹೊಲಿದಾಳೆ."

"ಅಜ್ಜಿ ಕೈಗೆ ಕೊಡು ಅಂದಿದ್ರಿ, ನಾನೇ ಕೊಡ್ಲಿಲ್ರಿ" ಎಂದು ನಾನು ಅಳುತ್ತ ಹೇಳಿದೆ.

ಮೇಸ್ತ್ರಿ ಬಗ್ಗಿ, ನೀಲಿ ಹತ್ತಿದ ಹೆಬ್ಬೆರಳನ್ನು ಆ ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಎಳೆದರು. ಆಮೇಲೆ ನನ್ನ ತಲೆ ಸವರಿ, "ನಿಂದೇನೂ ತಪ್ಪಿಲ್ಲವ್ವಾ. ದಡ್ಡ ನಾನು. ಹಂಸವ್ವಗೆ ಅಂತ ಕೊಟ್ರೆ ಹಂಸವ್ವಗೇ ಉಡಿಸ್ತಾರೆ, ಇನ್ನೇನು" ಎಂದು ನಕ್ಕರು. ಅಜ್ಜಿಯ ಕಡೆ ತಿರುಗಿ, "ಬೇರೆ ಸೀರೆಗೆ ಬಣ್ಣ ಹಾಕಿ ತರ್ತೀನ್ರಿ" ಎಂದರು.

"ಬ್ಯಾಡ. ಇದೇ ಇರ್ಲಿ" ಎಂದಳು ಅಜ್ಜಿ.

ಉಡಿಕೆಯನ್ನು ಹೊತ್ತು ಮುಳುಗಿದ ಮೇಲೆ, ದೀಪ ಸಣ್ಣದು ಮಾಡಿ, ಬಾಗಿಲು ಹಾಕಿಕೊಂಡು ಮಾಡುವುದು ವಾಡಿಕೆ. ಮುತ್ತೈದೆಯರು ಆ ಹೊತ್ತಿಗೆ ಅಲ್ಲಿರಬಾರದು. ಗಂಡ ಸತ್ತ ಹೆಂಗಸರೇ ಸೀರೆ ಉಡಿಸಬೇಕು. ಅಜ್ಜಿ ಇದರಲ್ಲಿ ಒಂದನ್ನು ಮಾತ್ರ ಒಪ್ಪಲಿಲ್ಲ. "ಕದ್ದ ಮಾಲೇನು, ಕತ್ತಲಾಗೆ ಮಾಡಾಕೆ?" ಎಂದು ಹಟ ಹಿಡಿದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಟ್ಟಳು. ಬಂದವರು ಮೇಸ್ತ್ರಿ, ಅವರ ತಾಯಿ, ಶಾಮನೂರಿನಿಂದ ಇಬ್ಬರು ಹಿರಿಯರು. ಒಳಗೆ ಅಜ್ಜಿ ಮತ್ತು ಮೇಸ್ತ್ರಿಯ ತಾಯಿ ಸೇರಿ ಸಣ್ಣತ್ತೆಗೆ ಸೀರೆ ಉಡಿಸಿದರು. ವಾಡಿಕೆಯ ಪ್ರಕಾರ ಅವ್ವನನ್ನು ಅಂಗಳಕ್ಕೆ ಕಳಿಸಿದ್ದರು. ಅವಳು ದಾಸವಾಳದ ಗಿಡದ ಹತ್ತಿರ ಸುಮ್ಮನೆ ಎಲೆ ಹರಿಯುತ್ತ ನಿಂತಿದ್ದಳು.

ಸಣ್ಣತ್ತೆ ಬಾಗಿಲಿಗೆ ಬಂದಳು. ಅವಳಿಗೆ ಅಷ್ಟು ಬಣ್ಣ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹೊಲಿಗೆ ಭುಜದ ಮೇಲೆ ಬಂದಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು. ಎದುರಿಗೆ ಹಂಸವ್ವ, ತಲೆಗೆ ಅದೇ ಸೀರೆಯ ಬೆರಳಗಲದ ಪಟ್ಟಿ ಕಟ್ಟಿಕೊಂಡು ಎಂದಿನಂತೆ ಬಾಗಿಲ ಕಡೆಗೇ ನೋಡುತ್ತಿತ್ತು. ಆ ಪಟ್ಟಿಯನ್ನು ಸಣ್ಣತ್ತೆ ವಾಪಸು ತೆಗೆದುಕೊಂಡಿರಲಿಲ್ಲ.

ಆಗ ಮೇಸ್ತ್ರಿಯ ತಾಯಿ, "ಬಳೆ?" ಎಂದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಾಳಿ ತಂದಿದ್ದರು, ಹೂವು ತಂದಿದ್ದರು, ಎಲೆ ಅಡಿಕೆ ಇತ್ತು. ಬಳೆ ಯಾರಿಗೂ ನೆನಪಾಗಿರಲಿಲ್ಲ. ಅವಳ ಕೈಗೆ ಬಳೆ ಬೇಕು ಎಂದು ಯೋಚಿಸುವುದನ್ನೇ ನಮ್ಮ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಪೇಟೆಗೆ ಓಡುತ್ತೇನೆ ಎಂದು ಚಪ್ಪಲಿ ಹುಡುಕಿದ. ಅಷ್ಟು ಬೇಗ ಯಾವ ಅಂಗಡಿ ತೆರೆದಿರುತ್ತದೆ?

ಅವ್ವ ಯಾರನ್ನೂ ಕೇಳಲಿಲ್ಲ. ದಡದಡ ಒಳಗೆ ಹೋಗಿ ಕತ್ತರಿ ತಂದಳು, ಸೆರಗು ಕತ್ತರಿಸಿದ ಅದೇ ಕತ್ತರಿ. ಹಂಸವ್ವನ ಕೊರಳ ದಾರವನ್ನು ಕಚ್ಚನೆ ಕತ್ತರಿಸಿ, ಹಸಿರು ಬಳೆಗಳನ್ನು ಮಡಿಲಿಗೆ ಸುರಿದುಕೊಂಡಳು. "ನೀನು ಮುಟ್ಟಬಾರದು ಕಣವ್ವಾ, ಮುತ್ತೈದೆ ನೀನು" ಎಂದರು ಶಾಮನೂರಿನ ಹಿರಿಯರೊಬ್ಬರು. "ಕತ್ತರಿಸಿದವಳು ನಾನು ರೀ, ತೊಡಿಸೋಳೂ ನಾನೇ" ಎಂದಳು ಅವ್ವ. ಸೆರಗಿನಿಂದ ಬಳೆಗಳ ಧೂಳು ಒರೆಸಿ, ನಾದಿನಿಯ ಕೈ ಹಿಡಿದು ಹೊಸ್ತಿಲ ಮೇಲೆ ಕೂರಿಸಿದಳು.

ಎಷ್ಟೋ ವರ್ಷ ಬರಿದಾಗಿದ್ದ ಕೈ, ಬಳೆ ಇಳಿಯುವುದು ಕಷ್ಟ ಎಂದುಕೊಂಡು ನಾನು ಸೋಪು ತರಲು ಎದ್ದೆ. ಬೇಕಾಗಲಿಲ್ಲ. ಮೊದಲನೆಯದು ಹೋಯಿತು, ಎರಡನೆಯದು ಹೋಯಿತು. ಎಲ್ಲವೂ ಅವಳ ಕೈಗೆಂದೇ ಅಳೆದು ತಂದವುಗಳಂತೆ ಸಲೀಸಾಗಿ ಇಳಿದವು. ಅವ್ವ ಆರನೆಯ ಬಳೆಗೆ ತಡೆದು ನಿಂತು, ಸಣ್ಣತ್ತೆಯ ಮುಖ ನೋಡಿದಳು. ಸಣ್ಣತ್ತೆ ತಲೆ ತಗ್ಗಿಸಿದಳು. ಅವ್ವ ಕಣ್ಣು ಒರೆಸಿಕೊಂಡು, ಇನ್ನೊಂದು ಕೈ ಕೊಡು ಎಂದಳು.

ಹನ್ನೆರಡರಲ್ಲಿ ಒಂದೂ ಒಡೆಯಲಿಲ್ಲ.